ಹದಿನಾಲ್ಕನೇ ಬೆಡ್‌ಗೆ ಐದು ಮನೆಯವರು

ಲಾಂಚ್ ಮುಳುಗಿದ ಮರುದಿನ ಬೆಳಗ್ಗೆ ಎಂಟು ಗಂಟೆಗೆಲ್ಲ ನಗರದ ಮಾಹಿತಿ ಕಚೇರಿಯ ಸರ್ವರ್ ಕೈಚೆಲ್ಲಿ ಕೂತಿತ್ತು. ಪಾಪ, ಅದರ ತಪ್ಪೇನೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ, ಗ್ರಂಥಾಲಯಕ್ಕೆ ರಜೆ ಯಾವತ್ತು ಎಂದು ದಿನಕ್ಕೆ ನಾನೂರು ಜನ ಕೇಳಿದರೆ ಹೆಚ್ಚು ಎನ್ನುವಂಥ ಯಂತ್ರದ ಮೇಲೆ ಈಗ ನಿಮಿಷಕ್ಕೆ ನಾನೂರು ಜನ ಮುಗಿಬಿದ್ದಿದ್ದರು. ಎಲ್ಲರದೂ ಒಂದೇ ಪ್ರಶ್ನೆ: ನಮ್ಮವರು ಸಿಕ್ಕಿದರೇ?

ಆ ಲಾಂಚಿನಲ್ಲಿ ಟಿಕೆಟ್ ಎಂದರೆ ಮಣಿಕಟ್ಟಿಗೆ ಸುತ್ತುವ ಹಳದಿ ಪ್ಲಾಸ್ಟಿಕ್ ಪಟ್ಟಿ. ಪಟ್ಟಿಯ ಮೇಲೆ ನಂಬರು. ನೀರಿನಿಂದ ಎತ್ತಿ ತಂದವರ ಕೈಯಲ್ಲಿದ್ದ ನಂಬರನ್ನು ಆಸ್ಪತ್ರೆಯವರು ವಾರ್ಡು, ಬೆಡ್ಡಿನ ಜೊತೆ ಬರೆದು ಕಳಿಸುತ್ತಿದ್ದರು. ಹೆಸರು ಹಾಕಕೂಡದೆಂದು ಮೇಲಿನಿಂದ ಆಜ್ಞೆಯಾಗಿತ್ತು. ಜನ ಪುಟ ತೆರೆದು, ಲಾಂಚಿನ ಕಚೇರಿಯಲ್ಲಿ ಕೇಳಿ ತಿಳಿದ ಟಿಕೆಟ್ ನಂಬರನ್ನೂ ತಮ್ಮ ಫೋನ್ ನಂಬರನ್ನೂ ಹಾಕಿದರೆ ಒಂದು ಸಾಲಿನ ಉತ್ತರ ಬರುತ್ತಿತ್ತು. ಆದರೆ ಬೆಳಗಿನಿಂದ ಉತ್ತರವೇ ಬರುತ್ತಿರಲಿಲ್ಲ. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು.

ಅದನ್ನು ಸರಿಮಾಡಬೇಕಾದವಳು ಕಚೇರಿಯ ಪ್ರೋಗ್ರಾಮರ್. ಮೂವತ್ತೆರಡು ವರ್ಷದ ಹೆಣ್ಣುಮಗಳು, ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಅವಳನ್ನು ಸಾಕಿ ಬೆಳೆಸಿದ್ದು ಚಿಕ್ಕಮ್ಮ. ಆ ಚಿಕ್ಕಮ್ಮನ ಒಬ್ಬಳೇ ಮಗಳು, ಗುಬ್ಬಿ ಸೊಂಟದ ಮೇಲೆ ಹೊತ್ತು ತಿರುಗಿದ ತಂಗಿ, ಹಿಂದಿನ ದಿನ ಅದೇ ಲಾಂಚ್ ಹತ್ತಿದ್ದಳು. ಹತ್ತುವ ಮುಂಚೆ ಹಳದಿ ಪಟ್ಟಿ ಕಟ್ಟಿದ ಕೈಯ ಫೋಟೋ ಕಳಿಸಿ, "ಬಳೆ ಹೇಗಿದೆ?" ಎಂದು ಕೇಳಿದ್ದಳು. ಪಟ್ಟಿಯ ಮೇಲೆ 2317 ಎಂದಿತ್ತು.

ಗುಬ್ಬಿ ಮನೆಯಲ್ಲಿ ಕೂರಲಾರದೆ ಕಚೇರಿಗೆ ಬಂದಿದ್ದಳು. ಮುಖ್ಯಸ್ಥರು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಸಾಧು ಮನುಷ್ಯ, ಅವಳ ಕುರ್ಚಿಯ ಹಿಂದೆ ನಿಂತು ಚಡಪಡಿಸುತ್ತಿದ್ದರು.

"ಏನಮ್ಮಾ ಇದಕ್ಕೆ ರೋಗ?"

"ಸಾರ್, ಈಗಿರೋ ಸ್ಕ್ರಿಪ್ಟು, ಅಂದ್ರೆ ಉತ್ತರ ಹುಡುಕಿಕೊಡೋ ಪ್ರೋಗ್ರಾಮು, ಹಳೇ ಕಾಲದ್ದು. ಒಬ್ಬೊಬ್ರು ಕೇಳಿದಾಗ್ಲೂ ಹೊಸದಾಗಿ ಹುಟ್ಟಿ, ಆಸ್ಪತ್ರೆ ಪಟ್ಟೀನೆಲ್ಲ ಓದಿ, ಒಂದು ಉತ್ತರ ಕೊಟ್ಟು ಸಾಯುತ್ತೆ. ಇಷ್ಟು ಜನಕ್ಕೆ ಇಷ್ಟು ಸಲ ಹುಟ್ಟಿ ಸಾಯೋಕೆ ಅದರ ಕೈಲಿ ಆಗ್ತಿಲ್ಲ."

"ಮತ್ತೆ?"

"ಒಂದು ಮಾಡ್ಯೂಲ್ ಇದೆ. ಅದನ್ನ ಹಾಕಿದ್ರೆ ಸ್ಕ್ರಿಪ್ಟು ಸಾಯಲ್ಲ, ಎಚ್ಚರವಾಗೇ ಕೂತಿರುತ್ತೆ. ಬಂದ ಒಂದೊಂದು ಕೋರಿಕೇನೂ ಒಂದೊಂದು ಆಬ್ಜೆಕ್ಟ್, ಒಂದು ಪೊಟ್ಟಣ ಅನ್ನಿ, ಮಾಡಿ ಕೈಗೆ ಕೊಡುತ್ತೆ. 'ನಿನ್ನ ಟಿಕೆಟ್ ನಂಬರೇನು' ಅಂತ ಅದನ್ನೇ ಕೇಳೋದು, ಉತ್ತರ ಕೊಡೋದು, ಕಳಿಸೋದು, ಮುಂದಿನವರನ್ನ ಕರೆಯೋದು."

"ಮಾಡ್ಯೂಲೋ ಮಣ್ಣೋ, ಏನಾದ್ರೂ ಹಾಕು. ಬಾಗಿಲ ಹತ್ರ ಜನ ಅಳ್ತಾ ನಿಂತಿದ್ದಾರೆ."

ಎರಡೂವರೆ ಗಂಟೆ ಅವಳು ತಲೆಯೆತ್ತದೆ ಬರೆದಳು. ಕಣ್ಣು ಮಂಜಾದಾಗಲೆಲ್ಲ ತೋಳಿಗೆ ಒರೆಸಿಕೊಂಡು ಮತ್ತೆ ಬರೆದಳು. ಹತ್ತೂವರೆಗೆ ಮುಗಿಯಿತು. ಪರೀಕ್ಷೆಗೆಂದು ಮೊದಲು ಇಲ್ಲದ ನಂಬರೊಂದನ್ನು ಹಾಕಿದಳು. 'ಈ ಟಿಕೆಟ್ ಬಗ್ಗೆ ಇನ್ನೂ ಮಾಹಿತಿ ಬಂದಿಲ್ಲ' ಎಂದಿತು. ಆಮೇಲೆ ಪಟ್ಟಿಯಲ್ಲಿದ್ದ ನಂಬರು ಹಾಕಿದಳು. ವಾರ್ಡು, ಬೆಡ್ಡು ಸರಿಯಾಗಿ ಬಂತು. ಸಾಕು ಎನಿಸಿತು. ಇನ್ನೊಂದು ದಿನವಾಗಿದ್ದರೆ ಇನ್ನೂ ಇಪ್ಪತ್ತು ಸಲ ನೋಡುತ್ತಿದ್ದಳು. ಅವತ್ತು ನೋಡಲಿಲ್ಲ.

ಹೊಸ ಸ್ಕ್ರಿಪ್ಟಿನ ನಾಲ್ಕು ಪ್ರತಿಗಳು ಎದ್ದು ಕೂತವು. ಪುಟ ಮಿಂಚಿನಂತೆ ತೆರೆಯತೊಡಗಿತು. ಬಾಗಿಲ ಬಳಿ ಯಾರೋ ದೇವರೇ ಎಂದು ಕೂಗಿದ್ದು ಒಳಗೂ ಕೇಳಿಸಿತು. ಮುಖ್ಯಸ್ಥರು ಅವಳ ತಲೆಯ ಮೇಲೆ ಕೈಯಿಟ್ಟು, ಹೊರಗೆ ಹೋದರು.

ಅಷ್ಟು ಹೊತ್ತೂ ತಡೆದುಕೊಂಡಿದ್ದ ಗುಬ್ಬಿ ಈಗ ತಾನೇ ಪುಟ ತೆರೆದು 2317 ಎಂದು ಒತ್ತಿದಳು. ಕೆಳಗೆ ತನ್ನ ಫೋನ್ ನಂಬರು ಹಾಕಿದಳು.

'ಚಿಕಿತ್ಸೆಯಲ್ಲಿದ್ದಾರೆ. ವಾರ್ಡ್ ಆರು, ಬೆಡ್ ಹದಿನಾಲ್ಕು.'

ಮೂರು ಸಲ ಓದಿದಳು. ಚಿಕ್ಕಮ್ಮನಿಗೆ ಫೋನ್ ಮಾಡಿದಳು.

"ಸಿಕ್ಕಿದ್ಲು ಚಿಕ್ಕಮ್ಮಾ! ಆಸ್ಪತ್ರೇಲಿದ್ದಾಳೆ. ಆರನೇ ವಾರ್ಡು, ಹದಿನಾಲ್ಕನೇ ಬೆಡ್ಡು!"

ಆ ಕಡೆಯಿಂದ ಚಿಕ್ಕಮ್ಮ ನಕ್ಕಳೋ ಅತ್ತಳೋ ತಿಳಿಯದಂಥ ಒಂದು ಸದ್ದು. "ನಾನು ಹೊರಟೆ ಕಣೇ. ನೀನು ಕೆಲಸ ಮುಗಿಸಿ ಬಾ. ನನ್ನ ಚಪ್ಪಲಿ ಎಲ್ಲಿ, ಅಯ್ಯೋ, ಕಾಲಲ್ಲೇ ಇದೆ," ಎಂದಳು.

ಒಂದು ಗಂಟೆಗೆ ಕಚೇರಿಯ ಫೋನ್ ಬಡಿದುಕೊಂಡಿತು. ಆರನೇ ವಾರ್ಡಿನ ನರ್ಸು. ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

"ನಿಮ್ಮ ಪುಟ ಏನ್ ಹೇಳ್ತಿದೆ ಅಂತ ನಿಮಗೆ ಗೊತ್ತೇನ್ರೀ? ಹದಿನಾಲ್ಕನೇ ಬೆಡ್‌ಗೆ ಐದು ಮನೆಯವರು ಬಂದು ನಿಂತಿದ್ದಾರೆ. ಒಬ್ರು ಗಂಡ ಅಂತಾರೆ, ಒಬ್ರು ಮಗಳು ಅಂತಾರೆ. ಅಲ್ಲಿರೋದು ಕಾಲು ಮುರಿದಿರೋ ಮುದುಕರು. ಬಂದೋರಿಗೆಲ್ಲ ಪಾಪ ಅವರೇ ಕೈಮುಗೀತಿದ್ದಾರೆ, 'ತಪ್ಪು ತಿಳ್ಕೋಬೇಡಿ, ಇಲ್ಲಿರೋನು ನಾನೇ' ಅಂತ. ಎರಡನೇ ವಾರ್ಡಲ್ಲೂ ಇದೇ ಗಲಾಟೆ."

ಗುಬ್ಬಿ ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡೇ 2317 ಎಂದು ಇನ್ನೊಮ್ಮೆ ಒತ್ತಿದಳು. ವಾರ್ಡ್ ಎರಡು, ಬೆಡ್ ಒಂಬತ್ತು. ಮತ್ತೆ ಒತ್ತಿದಳು. ವಾರ್ಡ್ ಆರು, ಬೆಡ್ ಮೂರು. ಮತ್ತೆ. ವಾರ್ಡ್ ನಾಲ್ಕು, ಬೆಡ್ ಇಪ್ಪತ್ತು. ಒಬ್ಬಳೇ ತಂಗಿ ಅರೆನಿಮಿಷದಲ್ಲಿ ಮೂರು ಹಾಸಿಗೆ ಬದಲಿಸಿದ್ದಳು.

ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉತ್ತರ ಬರೆದಿಡುವ ಆಬ್ಜೆಕ್ಟನ್ನು ಅವಳು, ಒಬ್ಬೊಬ್ಬರಿಗೂ ಹೊಸದಾಗಿ ನಡೆಯುವ ಸುತ್ತಿನ ಹೊರಗೆ, ಮೇಲಿನ ಸಾಲಿನಲ್ಲಿ, ಒಂದೇ ಒಂದು ಸಲ ಮಾಡಿಟ್ಟಿದ್ದಳು. ಹಳೆಯ ಸ್ಕ್ರಿಪ್ಟಿನಲ್ಲಿ ಹಾಗಿದ್ದರೂ ನಡೆಯುತ್ತಿತ್ತು. ಪ್ರತಿ ಸಲ ಸತ್ತು ಹುಟ್ಟುವುದಕ್ಕೆ ಹಿಂದಿನದರ ನೆನಪೆಲ್ಲಿ? ಈಗಿನದು ಸಾಯುತ್ತಿರಲಿಲ್ಲ. ಕೇಳಿದ ಟಿಕೆಟ್ ಆಸ್ಪತ್ರೆಯ ಪಟ್ಟಿಯಲ್ಲಿದ್ದರೆ ಹೊಸ ಉತ್ತರ ಬಂದು ಹಳೆಯದನ್ನು ಅಳಿಸುತ್ತಿತ್ತು. ಇಲ್ಲದಿದ್ದರೆ ಅದಕ್ಕೆ ಮುಂಚೆ ಕೇಳಿದವರ ಉತ್ತರವೇ ಅಲ್ಲಿ ಉಳಿದು, ಮುಂದಿನವರ ಕೈಸೇರುತ್ತಿತ್ತು. ದೂರದೂರಿನಲ್ಲಿದ್ದ ಆ ಮುದುಕರ ಮಗ ಯಾವಾಗಲೋ ಅಪ್ಪನ ನಂಬರು ಹಾಕಿ ನೋಡಿದ್ದ. ಅವನ ಹಿಂದೆ ಸಾಲಾಗಿ ಬಂದವರು ಐದು ಮಂದಿ ನತದೃಷ್ಟರು. ಅವರಲ್ಲಿ ಅವಳೂ ಒಬ್ಬಳು.

ಆ ಸಾಲನ್ನು ಎತ್ತಿ ಸುತ್ತಿನ ಒಳಗೆ ಇಟ್ಟರೆ ಮುಗಿಯಿತು. ಎತ್ತಿದಳು, ಇಟ್ಟಳು. ಆದರೆ ಹೊಸದನ್ನು ಚಾಲೂ ಮಾಡುವ ಕೀಲಿಯ ಮೇಲೆ ಬೆರಳಿಟ್ಟವಳು ಹಾಗೇ ಕೂತುಬಿಟ್ಟಳು. ಇದನ್ನು ಒತ್ತಿದ ಮೇಲೆ 2317ಕ್ಕೆ ಯಾವ ವಾರ್ಡೂ ಇರುವುದಿಲ್ಲ. ಒತ್ತುವವರೆಗೆ ಎಲ್ಲೋ ಒಂದು ಕಡೆ ಇದೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಎಣಿಕೆ ಏರಿತು: ಇನ್ನೂ ಹನ್ನೆರಡು ಜನ ಕೇಳಿದ್ದರು. ಅವರಲ್ಲಿ ಎಷ್ಟು ಜನರಿಗೆ ಸುಳ್ಳು ಹೋಯಿತೋ. ಕಣ್ಣು ಮುಚ್ಚಿಕೊಂಡು ಒತ್ತಿದಳು.

ಕಣ್ಣು ತೆರೆದು ತಂಗಿಯ ನಂಬರು ಹಾಕಿದಳು. 'ಈ ಟಿಕೆಟ್ ಬಗ್ಗೆ ಇನ್ನೂ ಮಾಹಿತಿ ಬಂದಿಲ್ಲ.'

ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದಾಗ ಅವರು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಈಗ ಸರಿಹೋಯ್ತಲ್ಲ. ಸುಮ್ನಿರಮ್ಮಾ. ಸಂಜೆ ಮತ್ತೆ ನೋಡಿದಾಗ ಅವರಿಗೇ ತಿಳಿಯುತ್ತೆ. ನಾವಾಗಿ ಬೆಂಕಿಗೆ ಕೈ ಹಾಕೋದು ಬೇಡ."

"ಸಂಜೆವರೆಗೆ ಅವರು ಆಸ್ಪತ್ರೇಲಿ ಬೆಡ್ ಬೆಡ್ಡಿಗೂ ಬಗ್ಗಿ ನೋಡ್ತಿರ್ತಾರೆ ಸಾರ್."

"ಎಷ್ಟು ಜನ?"

"ಅರವತ್ತಮೂರು. ಯಾರ್ಯಾರಿಗೆ ಯಾವ ಉತ್ತರ ಹೋಯ್ತು ಅನ್ನೋ ಲಾಗಲ್ಲಿ ಎಲ್ಲರ ಫೋನ್ ನಂಬರೂ ಇದೆ. ನಾನು ಹೇಳ್ತೀನಿ."

ಅವರು ತಡೆಯಲಿಲ್ಲ. ಸಹಾಯಕ್ಕೂ ಬರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಮೊದಲನೆಯ ಕರೆ ಮಾಡಿದಳು. "ನಮ್ಮ ಪುಟದಲ್ಲಿ ತಪ್ಪಾಗಿತ್ತು. ನಿಮಗೆ ಬಂದ ಉತ್ತರ ಬೇರೆಯವರದ್ದು. ನಿಮ್ಮವರ ಬಗ್ಗೆ ಇನ್ನೂ ಮಾಹಿತಿ ಬಂದಿಲ್ಲ." ಇಷ್ಟೇ ಮಾತು. ಅರವತ್ತೆರಡು ಸಲ ಹೇಳಬೇಕು. ಒಬ್ಬ ದರ್ಜಿ ಪೂರ್ತಿ ಕೇಳಿಸಿಕೊಂಡು, "ನನ್ನ ಫೋನಲ್ಲಿ ಬೆಳಗಿನ ಪುಟ ಇನ್ನೂ ತೆರೆದೇ ಇದೆ. ನನ್ನ ಹೆಂಡತಿ ನಾಲ್ಕನೇ ವಾರ್ಡಲ್ಲಿದ್ದಾಳೆ ಅಂತಿದೆ. ನಾನು ಇದನ್ನ ಮುಚ್ಚಲ್ಲ," ಎಂದು ಕರೆ ಕಡಿದ. ಒಬ್ಬ ಅಜ್ಜಿ ಕೊನೆಯಲ್ಲಿ "ಹೇಳಿದ್ದಕ್ಕೆ ಒಳ್ಳೇದಾಗ್ಲಿ ಮಗಳೇ" ಎಂದುಬಿಟ್ಟಳು. ಬಾಯಿಗೆ ಬಂದಂತೆ ಬೈದವರನ್ನು ಗುಬ್ಬಿ ಹೇಗೋ ಸಹಿಸಿದಳು, ಆ ಹರಕೆಯನ್ನು ಸಹಿಸಲಾಗಲಿಲ್ಲ. ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಹಣೆಯೊತ್ತಿ ನಿಂತು, ಮುಖ ತೊಳೆದುಕೊಂಡು ಬಂದು ಮುಂದಿನ ನಂಬರು ಒತ್ತಿದಳು.

ಪಟ್ಟಿಯ ಹದಿನೇಳನೆಯ ಸಾಲಿನಲ್ಲಿ ಅವಳದೇ ನಂಬರಿತ್ತು. ಅದನ್ನು ದಾಟಿ ಹೋಗಿದ್ದಳು. ಹೊರಗಿನವರಿಗೆ ಹೇಳುವಾಗ ಮುಖ ಕಾಣುವುದಿಲ್ಲ, ಫೋನು ಸಾಕು. ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಗೆ ಹೇಳುವುದು? ಮಧ್ಯೆ ಎರಡು ಸಲ ಚಿಕ್ಕಮ್ಮನೇ ಕರೆ ಮಾಡಿದ್ದಳು. ಗುಬ್ಬಿ ಎತ್ತಿರಲಿಲ್ಲ. ಕೊನೆಯ ಕರೆ ಮುಗಿಸಿ ಆಸ್ಪತ್ರೆಗೆ ಓಡಿದಾಗ ನಾಲ್ಕು ಗಂಟೆ.

ಚಿಕ್ಕಮ್ಮ ಎರಡನೆಯ ಮಹಡಿಯ ಮೆಟ್ಟಿಲ ಬಳಿ ಸಿಕ್ಕಳು. ಕೂದಲು ಕೆದರಿತ್ತು. ಕೈಯಲ್ಲಿ ಬಿಸಿ ಹಾಲಿನ ಫ್ಲಾಸ್ಕು. ಆರು ವಾರ್ಡುಗಳನ್ನೂ ಎರಡೆರಡು ಸಲ ಸುತ್ತಿದ್ದಳಂತೆ.

"ಬಂದ್ಯಾ? ಫೋನ್ ಯಾಕೆ ಎತ್ತಲ್ವೇ ನೀನು? ಬೆಡ್ ಬದಲಾಯಿಸಿದ್ದಾರೆ ಕಣೇ. ಹದಿನಾಲ್ಕರಲ್ಲಿ ಯಾರೋ ಹಿರಿಯರಿದ್ದಾರೆ. ನಿನ್ನ ಫೋನಲ್ಲಿ ಇನ್ನೊಂದ್ಸಲ ನೋಡು, ಈಗ ಎಲ್ಲಿಟ್ಟಿದ್ದಾರೆ ಅಂತ."

"ಚಿಕ್ಕಮ್ಮಾ, ಅದು ತಪ್ಪು."

"ತಪ್ಪಾಗಿರುತ್ತೆ. ಅದಕ್ಕೇ ಇನ್ನೊಂದ್ಸಲ ನೋಡು ಅಂದಿದ್ದು."

ಗುಬ್ಬಿ ಫೋನ್ ತೆಗೆದು ತೋರಿಸಿದಳು. ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ಒಂದೊಂದೇ ಅಕ್ಷರ ಓದಿದಳು.

"ಬೆಳಗ್ಗೆ ಬಂದಿತ್ತಲ್ಲ ಮಾಹಿತಿ?"

"ಬಂದಿರ್ಲಿಲ್ಲ. ಬೇರೆ ಯಾರದೋ ಉತ್ತರ ನಮಗೆ ಬಂತು. ನಾನು ಬರೆದಿದ್ದರಲ್ಲಿ ಒಂದು ಸಾಲು ತಪ್ಪು ಜಾಗದಲ್ಲಿತ್ತು. ನನ್ನಿಂದಾನೇ ಆಗಿದ್ದು ಚಿಕ್ಕಮ್ಮಾ. ಈಗ ಸರಿ ಮಾಡಿದೀನಿ."

"ಯಾಕೆ ಸರಿ ಮಾಡ್ದೆ?"

ಗುಬ್ಬಿ ಫೋನನ್ನು ಕೆಳಗಿಳಿಸಿದಳು.

"ಯಾಕೇ ಸರಿ ಮಾಡ್ದೆ? ಬೆಳಗ್ಗೆ ಅವಳು ಇದ್ಲು. ನೀನೇ ಓದಿ ಹೇಳ್ದೆ ನನಗೆ." ಚಿಕ್ಕಮ್ಮ ಅವಳ ಎರಡೂ ತೋಳು ಹಿಡಿದು ಅಲುಗಿಸಿದಳು. ಫ್ಲಾಸ್ಕು ಕೆಳಗೆ ಬಿದ್ದು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿತು. "ಆ ಸಾಲನ್ನ ಇದ್ದ ಜಾಗಕ್ಕೇ ಇಡು. ಹೋಗು, ಈಗ್ಲೇ ಹೋಗಿ ಇಟ್ಟು ಬಾ!"

ಹಾದುಹೋಗುತ್ತಿದ್ದವರು ನಿಂತು ನೋಡಿದರು. ಗುಬ್ಬಿ ಚಿಕ್ಕಮ್ಮನನ್ನು ತಬ್ಬಿಕೊಳ್ಳಲು ಹೋದಳು. ಚಿಕ್ಕಮ್ಮ ಅವಳನ್ನು ತಳ್ಳಿ ಮತ್ತೆ ಒಂದನೇ ವಾರ್ಡಿನ ಕಡೆ ನಡೆದಳು.

ಆ ಅರವತ್ತಮೂರು ಜನ ಹುಡುಕುತ್ತಿದ್ದವರಲ್ಲಿ ಹನ್ನೊಂದು ಮಂದಿ ಆಚೆ ದಡದ ಸಣ್ಣಪುಟ್ಟ ದವಾಖಾನೆಗಳಲ್ಲಿ ಜೀವಂತ ಸಿಕ್ಕರು. ದರ್ಜಿಯ ಹೆಂಡತಿಯೂ ಅವರಲ್ಲಿದ್ದಳು. ಒಂದೊಂದು ನಂಬರು ಸಿಕ್ಕಾಗಲೂ ಗುಬ್ಬಿಯ ಎದೆ ಹಾರುತ್ತಿತ್ತು, ಹಾರಿದ್ದು ಹಾಗೇ ಬೀಳುತ್ತಿತ್ತು. ತಪ್ಪು ತನ್ನದೇ ಎಂದು ಅವಳು ಸಹಿ ಹಾಕಿ ವರದಿ ಕೊಟ್ಟಳು. ಅದನ್ನು ಓದಿದ ಮುಖ್ಯಸ್ಥರು ಕೆಳಗೆ ತಮ್ಮ ಸಹಿಯನ್ನೂ ಹಾಕಿ ಮೇಲಕ್ಕೆ ಕಳಿಸಿದರು.

ಮೂರನೆಯ ದಿನ ಬೆಳಗ್ಗೆ ಬಂದ ಪಟ್ಟಿಯಲ್ಲಿ 2317 ಇತ್ತು. ಅದರ ಮುಂದೆ ವಾರ್ಡೂ ಇರಲಿಲ್ಲ, ಬೆಡ್ಡೂ ಇರಲಿಲ್ಲ. ಶವಾಗಾರ ಎಂದಿತ್ತು, ಪಕ್ಕದಲ್ಲಿ ಸಿಕ್ಕ ಜಾಗ ಮತ್ತು ಹೊತ್ತು. ಆ ಸಾಲನ್ನು ಪುಟಕ್ಕೆ ಸೇರಿಸಬೇಕಾದವಳೂ ಅವಳೇ. ಪಕ್ಕದ ಮೇಜಿನಾಕೆ, "ನಾನು ಹಾಕ್ತೀನಿ ಬಿಡ್ರೀ," ಎಂದಳು.

"ಒಂದು ಗಂಟೆ ತಡೀರಿ. ಅದು ಹೇಳೋ ಮುಂಚೆ ನಾನು ಹೇಳ್ಬೇಕು," ಎಂದು ಗುಬ್ಬಿ ಎದ್ದಳು.

ಚಿಕ್ಕಮ್ಮನ ಮನೆಗೆ ನಡೆದೇ ಹೋದಳು. ಬಾಗಿಲು ತೆರೆದ ಚಿಕ್ಕಮ್ಮ ಅವಳ ಮುಖ ನೋಡಿದಳು. ಗುಬ್ಬಿ ಬಾಯಿಬಿಟ್ಟು ಹೇಳಿದಳು, ಒಂದೂ ಮಾತು ಮರೆಮಾಚದೆ, ತಂಗಿ ಎಲ್ಲಿ ಸಿಕ್ಕಳು, ಎಷ್ಟು ಹೊತ್ತಿಗೆ, ಈಗ ಎಲ್ಲಿದ್ದಾಳೆ ಎಲ್ಲವನ್ನೂ. ಚಿಕ್ಕಮ್ಮ ಕೇಳಿಸಿಕೊಂಡು, ನಿಧಾನಕ್ಕೆ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಗುಬ್ಬಿ ಹೊಸ್ತಿಲ ಕೆಳಗಿನ ಕಲ್ಲಿನ ಮೇಲೆ ಕೂತಳು. ಒಳಗಿನಿಂದ ಅಳುವಿನ ಸದ್ದು ಬರಲಿ ಎಂದು ಕಾದಳು. ಬರಲಿಲ್ಲ. ಬೀರುವಿನ ಬಾಗಿಲು ತೆಗೆದದ್ದು, ಮುಚ್ಚಿದ್ದು, ಮತ್ತೆ ತೆಗೆದದ್ದು ಮಾತ್ರ ಕೇಳಿಸಿತು. ಬಿಸಿಲು ಮೊಣಕಾಲಿಗೆ ಬಂತು, ಮುಖಕ್ಕೆ ಬಂತು. ಎದ್ದು ಹೋಗಬೇಕೆಂದು ಅವಳಿಗೆ ಒಮ್ಮೆಯೂ ಅನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಿಲಕ ಸರಿದ ಸದ್ದಾಯಿತು. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡದೆ, ಬೀದಿಯ ಕಡೆ ನೋಡುತ್ತ ಹೇಳಿದಳು:

"ಒಳಗೆ ಬಾ. ಅವಳಿಗೆ ಯಾವ ಬಟ್ಟೆ ಹಾಕೋದು ಅಂತ ನನಗೆ ತಿಳೀತಿಲ್ಲ."