ಬೋಗುಣಿ ಕೊಟ್ಟ ಉತ್ತರ

ಅಣ್ಣನ ತಲೆಯಿಂದ ಮಿದುಳಿನ ಸಂಕೇತ ಹಿಡಿಯುವ ತಂತಿಗಳ ಟೋಪಿಯನ್ನು ಬಿಚ್ಚಿ ಅವಳು ಉಪ್ಪುನೀರಿನ ಬೋಗುಣಿಯಲ್ಲಿ ಅದ್ದಿದಳು. ಮೈಕನ್ನು ಅಮ್ಮನ ಕೈಗೆ ಕೊಟ್ಟಳು.

"ಮಾತಾಡಮ್ಮ."

"ನೀರಿನ ಹತ್ರ ಏನೇ ಮಾತಾಡ್ಲಿ? ತಲೆ ನೆಟ್ಟಗಿದೆಯಾ ನಿಂಗೆ?"

"ಅಣ್ಣನಿಗೆ ಏನು ಹೇಳ್ತೀಯೋ ಅದನ್ನೇ."

ಅಮ್ಮ ಆಸ್ಪತ್ರೆಯ ಮಂಚದ ಕಡೆ ನೋಡಿದಳು. ಅಪಘಾತವಾದಂದಿನಿಂದ ಕಣ್ಣು ತೆರೆಯದ ಮಗ ಮಲಗಿದ್ದ. ಆಮೇಲೆ ಬೋಗುಣಿಯತ್ತ ಬಗ್ಗಿ, "ಲೋ ಸೋಮಾರಿ, ಏಳೋ. ಹೊತ್ತು ನೆತ್ತಿಗೆ ಬಂತು," ಎಂದಳು.

ಹೋದ ವಾರ ಇದೇ ಮಾತಿಗೆ, ಟೋಪಿಗೆ ಜೋಡಿಸಿದ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎದ್ದು ನಿಂತಿತ್ತು. ನರಕೋಶಗಳು ಒಂದಕ್ಕೊಂದು ಕಳಿಸುವ ಸಂಕೇತಗಳನ್ನು ಅಳೆಯುವುದೇ ಅವಳ ಕಸುಬು. ಮೈಕು ಹಿಡಿದ ಅಮ್ಮನ ದನಿ ಗೊತ್ತಿದ್ದರೆ ಅಣ್ಣನ ಮಿದುಳಿನ ಸಂಕೇತವನ್ನು ಎಷ್ಟರಮಟ್ಟಿಗೆ ಊಹಿಸಬಹುದು, ಅಷ್ಟೇ ಲೆಕ್ಕ. ಊಹೆ ಸರಿಬಂದಷ್ಟೂ ದನಿ ಒಳಗೆ ತಲುಪಿದೆ ಎಂದರ್ಥ. ಅಂದು ಅದು ಎಷ್ಟು ಸರಿಬಂದಿತ್ತೆಂದರೆ, ಹಿಂದುಮುಂದು ನೋಡದೆ "ಕೇಳಿಸ್ತಿದೆಯಮ್ಮ ಅವನಿಗೆ" ಎಂದುಬಿಟ್ಟಿದ್ದಳು. ತನ್ನ ವಿದ್ಯಾರ್ಥಿಗಳು ಹಾಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದಳು. ಅಂದಿನಿಂದ ಅಮ್ಮನ ಬಾಯಿಗೆ ಬಿಡುವಿಲ್ಲ. ನರ್ಸಿಗೂ ನೆಂಟರಿಗೂ ಸುದ್ದಿ ಮುಟ್ಟಿಸಿಯಾಗಿತ್ತು.

ದನಿಗೂ ಉತ್ತರಕ್ಕೂ ನಡುವೆ ಎಳ್ಳಷ್ಟೂ ಹೊತ್ತಿನ ಅಂತರವಿಲ್ಲದ್ದು ಅವಳ ಕಣ್ಣಿಗೆ ಬಿದ್ದದ್ದು ನಿನ್ನೆ. ಕಿವಿಯಿಂದ ಮಿದುಳಿಗೆ ಹೋಗಲು ಹೊತ್ತು ಬೇಕು. ಮೈಕಿನ ಸಂಕೇತ ತಂತಿಯಿಂದ ತಂತಿಗೆ ಸೋರಲು ಬೇಕಿಲ್ಲ. ಮೈಕಿನ ತಂತಿಯನ್ನು ಟೋಪಿಯ ತಂತಿಗಳ ಜೊತೆ ಸೇರಿಸಿ ಕಟ್ಟಿದವಳು ಅವಳೇ.

ಬೋಗುಣಿ ಉತ್ತರ ಕೊಟ್ಟಿತು. ಅದೇ ಗೆರೆ, ಅದೇ ಎತ್ತರ.

"ನೋಡಿದ್ಯಾ? ಅದು ಅಣ್ಣ ಅಲ್ಲಮ್ಮ. ತಂತಿ." ಅವಳು ಪರದೆಗೆ ಬೆರಳಿಟ್ಟು ತೋರಿಸಿದಳು. "ಕೇಳಿಸ್ಕೊಂಡು ಉತ್ತರ ಕೊಡೋಕೆ ಯಾರಿಗಾದ್ರೂ ಒಂಚೂರು ಹೊತ್ತು ಬೇಕಲ್ವಾ?"

"ಅವನಿಗ್ಯಾಕೆ ಬೇಕು?" ಅಮ್ಮ ಜೋರಾಗಿಯೇ ಕೇಳಿದಳು. "ನಾನು ಬಾಯಿ ತೆಗೆಯೋಕೆ ಮುಂಚೆನೇ 'ಎದ್ದೆ ಬಿಡಮ್ಮ' ಅಂತಿದ್ದ. ನನ್ನ ಬೈಗುಳೆಲ್ಲ ಬಾಯಿಪಾಠ ಅವನಿಗೆ."

ಒಂದು ಗಳಿಗೆ ಅವಳೂ ನಂಬಿದಳು. ಗೊತ್ತಿರುವ ಮಾತಿಗೆ ಮಿದುಳು ಮೊದಲೇ ಸಜ್ಜಾಗಿರುತ್ತದೆಂದು ಪಾಠ ಮಾಡಿದವಳೇ ಅವಳು. ಆದರೆ ಬೋಗುಣಿಗೆ ಯಾರು ಬಾಯಿಪಾಠ ಮಾಡಿಸಿದ್ದರು?

ಮೈಕಿನ ತಂತಿಯನ್ನು ಬಿಡಿಸಿ ಕೋಣೆಯ ಆ ಬದಿಗೆ ಎಳೆದಳು. ಟೋಪಿಯ ನೀರನ್ನು ಒರೆಸಿದಳು.

"ಈಗ ದನಿ ತಂತಿಗೆ ಸೋರಲ್ಲ. ಅವನಿಗೆ ಮತ್ತೆ ಹಾಕ್ತೀನಿ. ಒಂದೇ ಒಂದ್ಸಲ ಕರಿ. ನಿಜ ಏನು ಅಂತ ಗೊತ್ತಾಗುತ್ತೆ."

ಟೋಪಿಯ ಅಂಟು ಮೆತ್ತಿದ್ದ ಮಗನ ಕೂದಲನ್ನು ಅಮ್ಮ ಬೆರಳಿನಿಂದ ಬಿಡಿಸಿದಳು. ಬಿಡಿಸಿ ಮುಗಿದ ಮೇಲೆ ಮೈಕನ್ನು ತಂದು ಮಗಳ ಮಡಿಲಲ್ಲಿಟ್ಟಳು.

"ಬೇಡ," ಎಂದಳು. "ನಾನು ಕರೆಯಲ್ಲ."