ಗುಡ್ಲುಸಾಲಿನ ಕೊನೇ ಮನೆ

ಚಟ್ಟದ ಒಂದು ಬಿದಿರು ನರಸಮ್ಮನ ಕೈಯಲ್ಲಿತ್ತು, ಇನ್ನೊಂದು ಅವಳ ಚಿಕ್ಕಪ್ಪ ವೆಂಕಟರಾಯಪ್ಪನ ಕೈಯಲ್ಲಿ. ಅವನು ಪೇಟೆಯ ಕಡೆಗೆ ಎಳೆಯುತ್ತಿದ್ದ, ಅವಳು ತೋಪಿನ ಕಡೆಗೆ. ಚಟ್ಟ ಇನ್ನೂ ಖಾಲಿಯಿತ್ತು. ಅದರ ಮೇಲೆ ಮಲಗಬೇಕಾದ ಪಿಳ್ಳಮ್ಮ, ನರಸಮ್ಮನ ತಾಯಿ, ಜಗುಲಿಯ ಗೋಡೆಗೆ ಒರಗಿ ಕೂತಿದ್ದಳು. ಎಪ್ಪತ್ತು ವರ್ಷ ಯಾರ ಎಳೆತಕ್ಕೂ ಸಿಕ್ಕದೆ ಬದುಕಿದ ಹೆಂಗಸು, ಬೆಳಗಿನ ಜಾವ ಸದ್ದಿಲ್ಲದೆ ಹೋಗಿಬಿಟ್ಟಿದ್ದಳು.

"ಬಿಡಮ್ಮಿ, ಚಟ್ಟ ಮುರಿದುಹೋಯ್ತದೆ," ಎಂದ ವೆಂಕಟರಾಯಪ್ಪ. "ನಮ್ಮ ವಂಶದ ಹಿರೀ ಸೊಸೆ ಅತ್ತಿಗೆ. ಪೇಟೆ ಮಣ್ಣಿಗೇ ಹೋಗ್ಬೇಕು. ಮಾರಿತೋಪಲ್ಲಿ ಹೂಳೋಕೆ ಅವಳೇನು ದಿಕ್ಕಿಲ್ಲದೋಳಾ?"

"ಅಪ್ಪ ಅಲ್ಲೇ ತಾನೆ ಇರೋದು."

"ಅದು ಮಾರಿ ಕಾಲ. ಆಗಿದ್ದು ಆಗೋಯ್ತು."

"ಆಗೋಯ್ತು ಅಂತ ನೀನಂತೀಯ ಚಿಕ್ಕಪ್ಪ. ಅವ್ವ ಒಂದಿನಾನೂ ಅನ್ನಲಿಲ್ಲ. ಅವರ ಪಕ್ಕದಲ್ಲೇ ಮಲಗಿಸು ಅಂದವ್ಳೆ. ಮಲಗಿಸ್ತೀನಿ."

ದೊಡ್ಡಬಳ್ಳಾಪುರದ ಪೇಟೆ ಮುಗಿದು ಘಾಟಿ ರಸ್ತೆ ಶುರುವಾಗುವಲ್ಲಿ ಎಡಕ್ಕೆ ಒಂದು ಬೀದಿ ಒಡೆಯುತ್ತದೆ. ಅದೇ ಗುಡ್ಲುಸಾಲು. ಪೇಟೆಯಲ್ಲಿ ನೇಕಾರರಿಗೊಂದು ಬೀದಿ, ಕುಂಬಾರರಿಗೊಂದು, ಒಕ್ಕಲಿಗರಿಗೊಂದು ಎಂದು ಎಲ್ಲ ಅಚ್ಚುಕಟ್ಟು. ಇಲ್ಲಿ ನೇಕಾರನ ಪಕ್ಕಕ್ಕೆ ಕುರುಬ, ಕುರುಬನ ಪಕ್ಕಕ್ಕೆ ಕುಂಬಾರ. ಪ್ಲೇಗಿನ ಮಾರಿ ಬಡಿದ ವರ್ಷ ಯಾರು ಮೊದಲು ಪೇಟೆ ಬಿಟ್ಟು ಓಡಿಬಂದರೋ ಅವರ ಗುಡಿಸಲು ಮೊದಲು, ಆಮೇಲೆ ಬಂದವರದು ಆಮೇಲೆ. ಗುಡಿಸಲು ಹೋಗಿ ಹೆಂಚಿನ ಮನೆಗಳಾದವು, ಸಾಲು ಮಾತ್ರ ಕದಲಲಿಲ್ಲ. ಇಪ್ಪತ್ತಮೂರನೆಯದು, ಕೊನೆಯದು, ಪಿಳ್ಳಮ್ಮನ ಮನೆ. ಅದರಾಚೆ ಅರವತ್ತು ಹೆಜ್ಜೆಗೆ ಮಾರಿತೋಪು, ಬೀದಿಯ ಸತ್ತವರೆಲ್ಲ ಮಲಗುವ ಜಾಗ.

ಈ ಬೀದಿಗೆ ಒಂದು ಕಟ್ಟು ಉಂಟು. ಹೆಣ ಯಾರ ಬಾಗಿಲಿಗೆ ಬರುತ್ತದೋ ಆ ಮನೆಯವರು ಮುಂದಿನ ಎರಡು ಹೆಗಲು ಕೊಟ್ಟು ತೋಪಿನ ಕಡೆಯ ಪಕ್ಕದ ಬಾಗಿಲವರೆಗೆ ಹೊರಬೇಕು. ಅಲ್ಲಿಂದ ಆ ಮನೆಯವರು. ಹಿಂದಿನ ಹೆಗಲಿಗೆ, ಹೆಣ ಬಾಗಿಲಿಗೆ ಬಂದ ಮನೆಗಳವರು ಯಾರಾದರೂ ಆದೀತು. ಜಾತಿ ಕೇಳುವಂತಿಲ್ಲ. ಕೊನೆಯ ಅರವತ್ತು ಹೆಜ್ಜೆ ಪಿಳ್ಳಮ್ಮನ ಮನೆಯ ಪಾಲು, ಅಂದರೆ ತಾಯಿ ಮಗಳದು. ಹೆಂಗಸರು ಹೆಣ ಹೊರುವುದೇ ಎಂದು ಪೇಟೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬೆರಳು ನೋವು ಬಂದ ಮೇಲೆ ತೆಗೆದರು.

ಮೊದಲನೇ ಮನೆಯ ನೇಕಾರ ಆದಿನಾರಾಯಣಪ್ಪ ಹೆಗಲ ಮೇಲೆ ಹೊಸ ಬಟ್ಟೆ ಹಾಕಿಕೊಂಡು ಬಂದ. ಯುದ್ಧದ ದೆಸೆಯಿಂದ ಬಟ್ಟೆಗೆಲ್ಲ ಕಂಟ್ರೋಲ್ ಇದ್ದ ಕಾಲ. ಮಗ್ಗದಲ್ಲಿದ್ದುದನ್ನೇ ಕತ್ತರಿಸಿ ತಂದಿದ್ದ. ಪಿಳ್ಳಮ್ಮನ ಮೇಲೆ ಹೊದಿಸಿ, ನರಸಮ್ಮನ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದ:

"ಪಿಳ್ಳಕ್ಕಂದು ಕೊನೇ ಮನೆ. ಇಲ್ಲಿಂದ ತೋಪಿಗೆ ಹೋದ್ರೆ ಹೆಣ ಯಾರ ಬಾಗ್ಲಿಗೂ ಬರೋದಿಲ್ಲ. ಬಾಗ್ಲಿಗೆ ಬರದೆ ನಾವು ಹೆಗಲು ಕೊಡೋ ಹಾಗಿಲ್ಲ. ಅವಳೇ ಮಾಡಿದ ಕಟ್ಟು ಕಣಮ್ಮ, ಮುರಿಯೋಕೆ ಯಾರಿಗೂ ಮನಸ್ಸು ಬರ್ತಿಲ್ಲ."

"ಅರವತ್ತು ಹೆಜ್ಜೆ ನಾನೊಬ್ಳೇ ಹೊರ್ಲಾ ಮಾವ?"

ಉತ್ತರ ವೆಂಕಟರಾಯಪ್ಪನಲ್ಲಿತ್ತು. ಅವನು ಪೇಟೆಯಿಂದ ತನ್ನ ವಂಶದ ಎಂಟು ಜನ ಗಟ್ಟಿ ಆಳುಗಳನ್ನು ಕರೆತಂದಿದ್ದ.

"ನೋಡಿದೆಯಾ? ಇಷ್ಟೇ ನಿಮ್ಮ ಬೀದಿ. ಕೊನೆಗೆ ಹೆಗಲು ಕೊಡೋರು ನಾವೇ."

ನರಸಮ್ಮ ತಾಯಿಯ ಮುಖವನ್ನು ನೋಡಿದಳು, ಆಮೇಲೆ ಬೀದಿಯ ಉದ್ದವನ್ನು ನೋಡಿದಳು. ಬಿದಿರು ಬಿಟ್ಟಳು.

"ಸರಿ ಚಿಕ್ಕಪ್ಪ. ಪೇಟೆ ಕಡೆಗೇ ಎತ್ತು."

ಪಕ್ಕದ ಮನೆಯ ಪಾಪಮ್ಮ ಅವಳ ರಟ್ಟೆ ಹಿಡಿದಳು. "ಏನೇ ನರಸೂ, ಇಷ್ಟು ಬೇಗ ಸೋತ್ಬಿಟ್ಟೆಯಲ್ಲ."

"ಸುಮ್ನಿರಕ್ಕ. ಓಡ್ಹೋಗಿ ಎಲ್ಲಾ ಮನೆಯೋರಿಗೂ ಅವರವರ ಬಾಗ್ಲಲ್ಲಿ ನಿಂತಿರೋಕೆ ಹೇಳು."

*

ಹದಿನೆಂಟುನೂರ ತೊಂಬತ್ತೆಂಟರಲ್ಲಿ ಪೇಟೆಯಲ್ಲಿ ಇಲಿ ಸತ್ತು ಬಿದ್ದಾಗ ಮನೆಗಳ ಹೆಂಚು ಇಳಿಸಿ ಊರು ಖಾಲಿ ಮಾಡಬೇಕೆಂದು ಡಂಗುರ ಹೊಡೆದರು. ಪಿಳ್ಳಮ್ಮನ ಗಂಡ ಗೋಪಾಲಪ್ಪ, "ಎಮ್ಮೆ ಈಯಲಿ, ಆಮೇಲೆ ಹೋಗಾಣ" ಎಂದು ಎಂಟು ದಿನ ತಡಮಾಡಿದ. ತಮ್ಮಂದಿರು ಕೊನಘಟ್ಟದ ನೆಂಟರ ಮನೆ ಸೇರಿದರು. ಇವರು ಬರುವ ಹೊತ್ತಿಗೆ ಸಾಲಿನಲ್ಲಿ ಉಳಿದದ್ದು ಯಾರಿಗೂ ಬೇಡದ ಜಾಗ, ಹೆಣ ಹೂಳುವ ತೋಪಿನ ಮಗ್ಗುಲು.

ಹನ್ನೊಂದನೆಯ ದಿನ ಗೋಪಾಲಪ್ಪನ ಕಂಕುಳಲ್ಲಿ ಗೆಡ್ಡೆ ಎದ್ದಿತು. ಹದಿನಾಲ್ಕನೆಯ ದಿನ ಅವನಿರಲಿಲ್ಲ. ಪಿಳ್ಳಮ್ಮ ಆಗ ಆರು ತಿಂಗಳ ಬಸುರಿ. ಸುದ್ದಿ ಕೇಳಿ ತಮ್ಮಂದಿರಲ್ಲಿ ಒಬ್ಬ ಮಾತ್ರ ಬಂದ, ಹದಿನೆಂಟು ವರ್ಷದ ವೆಂಕಟರಾಯ. ಮೊದಲನೇ ಗುಡಿಸಲವರೆಗೆ ಬಂದು ನಿಂತ. ಅಲ್ಲಿಂದಲೇ ಅತ್ತ. ಅಲ್ಲಿಂದಲೇ ತಿರುಗಿ ಹೋದ.

ಪಿಳ್ಳಮ್ಮ ಗುಡಿಸಲಿನ ಕದ ಕಿತ್ತು, ಗಂಡನನ್ನು ಅದರ ಮೇಲೆ ಮಲಗಿಸಿ, ಬಾವಿ ಹಗ್ಗ ಕಟ್ಟಿ ಅರವತ್ತು ಹೆಜ್ಜೆ ಎಳೆದಳು. ಮಾರನೇ ಬೆಳಿಗ್ಗೆ ಗುಡಿಸಲು ಗುಡಿಸಲಿಗೂ ಹೋಗಿ ಹೊರಗೆ ನಿಂತು ಹೇಳಿದಳು:

"ನಾಳೆ ನಿಮ್ಮನೇಲೂ ಒಬ್ರು ಹೋಗ್ಬೋದು. ತೋಪಿನ ತನಕ ಹೊರೋ ಧೈರ್ಯ ನಿಮಗ್ಯಾರಿಗೂ ಇಲ್ಲ, ನಂಗೊತ್ತು. ಪಕ್ಕದ ಗುಡ್ಲು ತನಕ ಹೊರೋ ಅಷ್ಟು ಧೈರ್ಯ ಸಾಕು. ಅಲ್ಲಿಂದ ಅವರು ಹೊರ್ಲಿ. ನನ್ನ ಗುಡ್ಲಿಂದ ತೋಪಿಗೆ ನಾನು ಹೊರ್ತೀನಿ."

ಆ ವರ್ಷ ಹದಿನೇಳು ಹೆಣ ಹಾಗೆ ಹೋದವು. ಮಾರಿ ಇಳಿದ ಮೇಲೆ ಪೇಟೆ ತುಂಬಿತು. ಇವರು ವಾಪಸು ಹೋಗಲಿಲ್ಲ. ಪಿಳ್ಳಮ್ಮ ದಿನಾ ಮೊಸರಿನ ಗಡಿಗೆ ಹೊತ್ತು ಪೇಟೆಗೆ ಹೋಗುತ್ತಿದ್ದಳು. ವೆಂಕಟರಾಯಪ್ಪನ ಮನೆಗೂ ಕೊಸರು ಹಾಕಿ ಅಳೆಯುತ್ತಿದ್ದಳು. ಅವನ ಜಗುಲಿಯನ್ನು ಮಾತ್ರ ಒಂದು ದಿನವೂ ಹತ್ತಲಿಲ್ಲ.

*

ಪೇಟೆಯ ಆಳುಗಳು ಬೀಸಾಗಿ ನಡೆದರು. ತಮಟೆ ಮುಂದೆ, ನರಸಮ್ಮ ಅದರ ಹಿಂದೆ. ಪ್ರತಿ ಬಾಗಿಲಲ್ಲೂ ಜನ ನಿಂತಿದ್ದರು. ಘಾಟಿ ರಸ್ತೆಯ ಮೂಲೆಗೆ, ಆದಿನಾರಾಯಣಪ್ಪನ ಮನೆ ಎದುರಿಗೆ ಬಂದಾಗ ನರಸಮ್ಮ ನಿಂತಳು.

"ಇಲ್ಲಿ ಇಳಿಸಿ."

ಹೊರಟ ಹೆಣವನ್ನು ನಡುದಾರಿಯಲ್ಲಿ ಇಳಿಸಿ, ಕಿವಿಯಲ್ಲಿ ಮೂರು ಸಲ ಹೆಸರು ಕೂಗಿ, ಚಟ್ಟದ ದಿಕ್ಕು ತಿರುಗಿಸಿ ಮತ್ತೆ ಎತ್ತುವುದು ಎಲ್ಲರ ಪದ್ಧತಿ.

"ಇಲ್ಲಿ ಯಾಕೆ? ನಡುದಾರಿ ಇನ್ನೂ ಬಂದಿಲ್ವಲ್ಲ," ಎಂದ ವೆಂಕಟರಾಯಪ್ಪ.

"ಅವ್ವಂಗೆ ಇದೇ ನಡುದಾರಿ."

ಚಟ್ಟ ಇಳಿಯಿತು. ನರಸಮ್ಮ ಬಗ್ಗಿ, ಜೀವಮಾನದಲ್ಲಿ ಒಮ್ಮೆಯೂ ಬಾಯಿಗೆ ತರದ ತಾಯಿಯ ಹೆಸರನ್ನು ಮೂರು ಸಲ ಕೂಗಿದಳು. ಚಟ್ಟ ತಿರುಗಿಸಿದ ಮೇಲೆ ಎದ್ದು ನಿಂತು ಆದಿನಾರಾಯಣಪ್ಪನನ್ನು ನೋಡಿದಳು.

"ಮಾವ, ಹೆಣ ನಿನ್ನ ಬಾಗ್ಲಿಗೆ ಬಂದೈತೆ."

ಮುದುಕನಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಹೊಳೆದಾಗ ಕಣ್ಣಲ್ಲಿ ನೀರು ಬಂತು. "ಬಂದೈತೆ ಕಣಮ್ಮ," ಎಂದು ಮಗನನ್ನು ಕರೆದು, ತೋಪಿನ ಕಡೆ ಮುಖ ಮಾಡಿ, ಮುಂದಿನ ಬಿದಿರಿಗೆ ಹೆಗಲು ಕೊಟ್ಟ.

"ಹೊರಟ ಹೆಣ ಮನೆ ಕಡೆ ಹೋಗ್ಬಾರ್ದು," ವೆಂಕಟರಾಯಪ್ಪ ಚಟ್ಟಕ್ಕೆ ಅಡ್ಡ ನಿಂತ. "ನಿಂಗೆ ಬುದ್ಧಿ ಐತಾ?"

"ಮನೆಗಲ್ಲ ಚಿಕ್ಕಪ್ಪ. ಅಪ್ಪನ ಹತ್ರಕ್ಕೆ."

ಪೇಟೆಯ ಎಂಟೂ ಜನ ವೆಂಕಟರಾಯಪ್ಪನ ಮುಖ ನೋಡಿದರು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಪಿಳ್ಳಮ್ಮ ಬಾಗಿಲಿಂದ ಬಾಗಿಲಿಗೆ ಹೊರಟಳು. ನೇಕಾರರಿಂದ ಕುರುಬರ ದೊಡ್ಡಬೀರಪ್ಪನ ಹೆಗಲಿಗೆ, ಅವನಿಂದ ಕುಂಬಾರರಿಗೆ. ತಮ್ಮ ಪಾಲು ಮುಗಿಸಿದವರು ಹಿಂದೆ ಸೇರಿಕೊಳ್ಳುತ್ತಿದ್ದರು, ಬೀದಿ ಹಿಂದಿನಿಂದ ಖಾಲಿಯಾಗುತ್ತ ಬಂತು.

ಕೊನೆಯ ಮನೆಯ ಮುಂದೆ ಪಾಪಮ್ಮನ ಮಕ್ಕಳು ನಿಂತರು. ನರಸಮ್ಮ ಸೆರಗು ಸಿಕ್ಕಿಸಿ ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟಳು. ಎಡಗಡೆಗೆ ದೊಡ್ಡಬೀರಪ್ಪ ಬಂದ.

"ಬ್ಯಾಡ ಬೀರಣ್ಣ. ಮುಂದಿನ ಹೆಗಲು ಮನೆಯೋರ್ದು."

"ನಿಮ್ಮನೇಲಿ ಇನ್ಯಾರವ್ರಮ್ಮ?"

"ಒಬ್ರು ಅವ್ರೆ. ಬರ್ತಾವ್ರೆ, ತಾಳು."

ಎಲ್ಲರೂ ಹಿಂದಕ್ಕೆ ನೋಡಿದರು. ವೆಂಕಟರಾಯಪ್ಪ ಒಬ್ಬನೇ, ಎಕ್ಕಡ ಕೈಯಲ್ಲಿ ಹಿಡಿದುಕೊಂಡು, ಖಾಲಿ ಬೀದಿಯ ನಡುವೆ ಬರುತ್ತಿದ್ದ. ಪಾಪಮ್ಮನ ಹಿರಿಮಗ ಎಡಬಿದಿರಿನ ಕೆಳಗೇ ನಿಂತಿದ್ದ. ಬಿಸಿಲು ನೆತ್ತಿಗೆ ಬಂದಿತ್ತು. ಯಾರೂ ಅವಸರ ಮಾಡಲಿಲ್ಲ.

ಅವನು ಚಟ್ಟದ ಹತ್ತಿರ ಬಂದು ನಿಂತ. "ಅವತ್ತು ಮೊದ್ಲನೇ ಗುಡ್ಲು ದಾಟ್ಲಿಲ್ಲ ಕಣಮ್ಮಿ ನಾನು."

"ಅವ್ವ ಹೇಳವ್ಳೆ. ಹೆಗಲು ಕೊಡು."

ವೆಂಕಟರಾಯಪ್ಪ ರುಮಾಲು ಬಿಚ್ಚಿ ಮಡಿಸಿ ಹೆಗಲ ಮೇಲೆ ಇಟ್ಟುಕೊಂಡು ಬಿದಿರಿನ ಕೆಳಗೆ ತೂರಿದ. ವಯಸ್ಸಿಗೆ ಬೆನ್ನು ಬಾಗಿತ್ತು. ಚಟ್ಟ ಅವನ ಕಡೆಗೆ ವಾಲಿತು. ಹಿಂದಿನಿಂದ ಯಾರೋ, "ಜಾರ್ತೈತೆ, ಜಾರ್ತೈತೆ," ಎಂದರು. ನರಸಮ್ಮ ಮೊಣಕಾಲು ಬಗ್ಗಿಸಿದಳು. ಎರಡು ಬಿದಿರೂ ಸಮಕ್ಕೆ ಬರುವವರೆಗೆ ಬಗ್ಗಿಸಿ, ಹಾಗೇ ಬಗ್ಗಿಸಿದ ಕಾಲಿನಲ್ಲೇ ಚಿಕ್ಕಪ್ಪನ ಹೆಜ್ಜೆಗೆ ಹೆಜ್ಜೆ ಕೂಡಿಸಿ ತೋಪಿನ ಕಡೆಗೆ ನಡೆದಳು.