ಬಳ್ಳಿಗೆ ಜೀರೋ ಕಟ್

ಬೀದಿಯವರೆಲ್ಲ ಕಟಿಂಗ್ ಮಾವ ಎಂದು ಕರೆಯುವ ಆ ಕ್ಷೌರದಂಗಡಿಯ ಯಜಮಾನನ ಪ್ರಕಾರ ಈ ಲೋಕದಲ್ಲಿ ಎರಡೇ ಥರದ ಜನ: ಅವನ ಕೈಗೆ ತಲೆ ಕೊಟ್ಟವರು ಮತ್ತು ದಂಡಪಿಂಡಗಳು. ಕಾಂಪೌಂಡಿನ ಆಚೆ ಮನೆಯ ಬೋಳಪ್ಪ ದಂಡಪಿಂಡಗಳಲ್ಲೇ ಹೀರೋ. ಗೋಡೆಗೆ ಗೋಡೆ ಅಂಟಿಕೊಂಡು ಹದಿನಾಲ್ಕು ವರ್ಷವಾದರೂ ಒಂದು ಸಲ ಅಂಗಡಿಯ ಕುರ್ಚಿ ಹತ್ತಿದವನಲ್ಲ. ತಲೆಯಲ್ಲಿ ಕೂದಲಿಲ್ಲವೆಂಬ ಕುಂಟು ನೆಪ ಬೇರೆ. ಸಾಲದ್ದಕ್ಕೆ ವಸಂತ ಬಂತೆಂದರೆ ಅವನ ಮನೆಯ ಕಡೆಯಿಂದ ಘಮಘಮ ವಾಸನೆ. "ಬೋಳುತಲೆಗೆ ಸೆಂಟು ಬೇರೆ ಕೇಡು," ಎಂದು ಕಟಿಂಗ್ ಮಾವ ಮೂಗು ಮುರಿಯುತ್ತಿದ್ದ.

ಈಗ ದಂಡಪಿಂಡಗಳ ಪಟ್ಟಿಗೆ ಹಿತ್ತಲಿನ ವಿಸ್ಟೀರಿಯಾ ಬಳ್ಳಿಯೂ ಸೇರಿತ್ತು. ಎಂಟು ವರ್ಷದ ಹಿಂದೆ ಹೆಂಡತಿಯ ಮುಂದೆ ಕತ್ತರಿ ಝಳಪಿಸಿ, "ಮೂರೇ ವರ್ಷ ಕಣೇ! ಅಡುಗೆಮನೆ ಕಿಟಕಿ ತೆಗೆದ್ರೆ ನೇರಳೆ ಬಣ್ಣದ ಹೂಗೊಂಚಲು ಬಂದು ನಿನ್ನ ಮೂಗಿಗೆ ತಾಗ್ಬೇಕು!" ಎಂದು ಇಂಟರ್ವಲ್ ಡೈಲಾಗ್ ಹೊಡೆದು ನೆಟ್ಟ ಬಳ್ಳಿ ಅದು. ಇಂಟರ್ವಲ್ ಮುಗಿಯಲೇ ಇಲ್ಲ. ಒಂದೇ ಒಂದು ಹೂವಿಲ್ಲ. ಈ ವರ್ಷವಂತೂ ಊರಿನ ಮರಗಳೆಲ್ಲ ಚಿಗುರಿದರೂ ಇದು ಒಂದೆಲೆಯನ್ನೂ ಬಿಡದೆ, ಹಳೆ ಹಗ್ಗದ ಹಾಗೆ ಚಪ್ಪರಕ್ಕೆ ಜೋತುಬಿದ್ದಿತ್ತು.

ಹೆಂಡತಿ ಬೈಯಲಿಲ್ಲ. ಕಿಟಕಿ ಮುಚ್ಚಿ, ಅದರ ಮುಂದೆ ಸಾಲಾಗಿ ಡಬ್ಬ ಜೋಡಿಸಿಬಿಟ್ಟಳು. ಆಮೇಲೆ ತಣ್ಣಗೆ ಹೇಳಿದಳು: "ಭಾನುವಾರ ಗರಗಸದವನಿಗೆ ಬರೋಕೆ ಹೇಳಿದೀನಿ. ಬಟ್ಟೆ ಒಣಗಿಸೋಕಾದ್ರೂ ಜಾಗ ಆಗ್ಲಿ."

ಬೈದಿದ್ದರೆ ಕಟಿಂಗ್ ಮಾವ ತಡೆದುಕೊಳ್ಳುತ್ತಿದ್ದ. ಆ ಡಬ್ಬಗಳನ್ನು ತಡೆದುಕೊಳ್ಳಲಾಗಲಿಲ್ಲ. ಶನಿವಾರ ಬೆಳಗ್ಗೆಯೇ ನರ್ಸರಿಯಾಕೆಯನ್ನು ಕರೆಸಿದ.

ಆಕೆ ಬಂದದ್ದು ಕೆಸರು ಮೆತ್ತಿದ ಬೂಟಿನಲ್ಲಿ, ಗೂಡು ಕಟ್ಟಿದ ಕೂದಲಿನಲ್ಲಿ. ತನ್ನ ತಲೆಯನ್ನೇ ನೆಟ್ಟಗೆ ಇಟ್ಟುಕೊಳ್ಳದವಳು ನನ್ನ ಬಳ್ಳಿಯನ್ನು ನೆಟ್ಟಗೆ ಮಾಡುತ್ತಾಳಂತೆ ಎಂದು ಕಟಿಂಗ್ ಮಾವ ಮನಸ್ಸಿನಲ್ಲೇ ಉಗಿದ.

ಆಕೆ ಉಗುರಿನಿಂದ ತೊಗಟೆ ಕೆರೆದಳು. "ಒಳಗೆ ಹಸಿರಿದೆ. ಸತ್ತಿಲ್ಲ, ಚಿಗುರೋದು ತಡ ಅಷ್ಟೆ. ಗೊಬ್ಬರ ಹಾಕ್ತೀರಾ?"

"ವಾರಕ್ಕೊಂದು ಬೊಗಸೆ. ತಲೆಗೆ ಎಣ್ಣೆ ತಿಕ್ಕಿದ ಹಾಗೆ ಬುಡಕ್ಕೆ ತಿಕ್ತೀನಿ."

"ನಿಲ್ಸಿ ಮೊದಲು. ಕತ್ತರಿಸೋರು ಯಾರು?"

ಈ ಪ್ರಶ್ನೆಗೇ ಕಾದಿದ್ದವನಂತೆ ಕಟಿಂಗ್ ಮಾವ ಕಾಲರ್ ಎತ್ತಿದ. ಹಿನ್ನೆಲೆ ಸಂಗೀತವೊಂದು ಬಾಕಿ. "ನಾನೇ! ಪ್ರತಿ ಚಳಿಗಾಲ. ಒಂದು ತುದಿ ಇಣುಕಿದ್ರೂ ಬಿಡಲ್ಲ. ಸೈಡು, ಬ್ಯಾಕು, ಎಲ್ಲಾ ಒಂದೇ ಲೆವೆಲ್ಲು. ಫಿನಿಶಿಂಗ್ ನೋಡಿ!"

ಆಕೆ ಅವನನ್ನೇ ನೋಡಿದಳು. "ಸ್ವಾಮಿ, ಈ ವರ್ಷದ ಹೂವಿಗೆ ಮೊಗ್ಗು ಹೋದ ಬೇಸಿಗೇಲೇ ಕೂತಿರುತ್ತೆ. ಚಳೀಲಿ ನೀವು ಗುಡಿಸಿ ಎಸೆದಿದ್ದು ಕೂದಲಲ್ಲ, ಹೂವು. ಕೊಂಬೆಗೆ ಎರಡು ಮೂರು ಮೊಗ್ಗಾದ್ರೂ ಉಳಿಸ್ಬೇಕಿತ್ತು. ನೀವು ಜೀರೋ ಮಷೀನ್ ಹೊಡೆದಿದೀರಿ."

"ಮೂವತ್ತು ವರ್ಷ ಸರ್ವಿಸ್ ನಂದು! ಪ್ರೂಫ್ ಇದೆಯೇನಮ್ಮಾ?"

ಆಕೆ ಏಣಿ ಎಳೆದಳು. ನೀರಿನ ಟ್ಯಾಂಕಿನ ಹಿಂದಿನಿಂದ ಅದೇ ಬಳ್ಳಿಯ ಒಂದು ಕೊಂಬೆ ಗೋಡೆ ಹಾರಿ ಆಚೆ ಹೋಗಿತ್ತು. "ಇದನ್ಯಾಕೆ ಬಿಟ್ರಿ?"

"ಟ್ಯಾಂಕು ಅಡ್ಡ, ಕೈ ಎಟುಕಲ್ಲ. ಆ ಬೋಳನ ಕಡೆಗೆ ಹೋಗೋದಕ್ಕೆ ಫ್ರೀ ಕಟಿಂಗ್ ಬೇರೆ ಮಾಡ್ಲಾ?"

ಆಕೆ ಏಣಿ ಹತ್ತಿ ಆಚೆ ಇಣುಕಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವಳನ್ನು ಇಳಿಸಿ ಕಟಿಂಗ್ ಮಾವ ತಾನೇ ಹತ್ತಿದ.

ಬೋಳಪ್ಪನ ಶೆಡ್ಡಿನ ತುಂಬ ಮೊಳದುದ್ದದ ನೇರಳೆ ಗೊಂಚಲು. ಕೆಳಗೆ ಕುರ್ಚಿ ಹಾಕಿಕೊಂಡು ಬೋಳಪ್ಪ ಚಹಾ ಹೀರುತ್ತಿದ್ದ. ಆ ನುಣುಪು ತಲೆಯ ಮೇಲೆ ಒಂದು ಗೊಂಚಲು ವಿಗ್ಗಿನ ಹಾಗೆ ಕೂತಿತ್ತು. ಅದೇ ಘಮಘಮ ವಾಸನೆ.

"ಎಷ್ಟು ವರ್ಷದಿಂದ?" ಕಟಿಂಗ್ ಮಾವನ ದನಿ ಕೀರಲಾಯಿತು.

"ನಾಲ್ಕಾಯ್ತು ಮಾವ. ಹೇಳಿದ್ರೆ ನೀವು ಏಣಿ ತಂದು ಇದನ್ನೂ ಬೋಳಿಸ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ."

"ಏನ್ ಮಾಡಿದೆಯಯ್ಯಾ ಇದಕ್ಕೆ?"

"ಏನೂ ಇಲ್ಲ. ಮುಟ್ಟಲಿಲ್ಲ, ಅಷ್ಟೆ."

ಏಣಿಯಿಂದ ಇಳಿದು ಕಟಿಂಗ್ ಮಾವ ಒಳಗೆ ಹೋದ. ಡಬ್ಬಗಳನ್ನು ಒಂದೊಂದಾಗಿ ಸರಿಸಿ ಕೆಳಗಿಟ್ಟ. "ಬಾರೇ ಇಲ್ಲಿ," ಎಂದ. ಡೈಲಾಗ್ ಅಷ್ಟೇ.

ಬೋಳಪ್ಪನ ಗೇಟು ದಾಟಿ ಹೆಂಡತಿ ಶೆಡ್ಡಿನಡಿ ನಿಂತಳು. ಒಂದು ಗೊಂಚಲು ಅವಳ ಮೂಗಿಗೆ ತಾಗಿತು. ಅವಳು ಕಣ್ಣು ಮುಚ್ಚಿ ಉಸಿರೆಳೆದಳು. ಕಣ್ಣು ಬಿಟ್ಟವಳೇ ಗಂಡನತ್ತ ಕೈಚಾಚಿದಳು.

"ಕೊಡಿ ಇಲ್ಲಿ ಕತ್ತರಿ."

ಅವನು ಜೇಬಿನಿಂದ ತೆಗೆದು ಕೊಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗರಗಸದವನಿಗೆ ಬೇಡ ಅಂತ ಹೇಳ್ಬಿಡಿ. ಅಂಗಡಿಗೆ ಹೋಗುವಾಗ ಕತ್ತರಿ ಕೇಳಿ ಇಸ್ಕೊಳ್ಳಿ, ಬಂದ್ಮೇಲೆ ವಾಪಸ್ ಕೊಡಿ."

"ಕೂತ್ಕೊಳ್ಳಿ ಮಾವ," ಎಂದು ಬೋಳಪ್ಪ ತನ್ನ ಕುರ್ಚಿ ಬಿಟ್ಟುಕೊಟ್ಟ. ಕಟಿಂಗ್ ಮಾವ ಕೂತ. ಲೈನು ತಪ್ಪಿದ ದರಿದ್ರ ಬಳ್ಳಿಯ ಎಳೆಯೊಂದು ಸರಿಯಾಗಿ ಅವನ ಕಣ್ಣೆದುರಿಗೇ ನೇತಾಡುತ್ತಿತ್ತು. ಅವನು ಅದನ್ನೇ ದುರುಗುಟ್ಟಿ ನೋಡಿದ. ತೊಡೆಯ ಮೇಲೆ ಎರಡು ಬೆರಳು ತಮ್ಮಷ್ಟಕ್ಕೆ ತೆರೆದು ಮುಚ್ಚಿ ಮಾಡುತ್ತಿದ್ದವು. ಅವನು ಆ ಕೈಯನ್ನು ಜೇಬಿಗೆ ತುರುಕಿಕೊಂಡ.